ಒಂದು ಮನೆಗೆ ಎಷ್ಟು ಹೊಲಿಗೆ ಯಂತ್ರ ಬೇಕು?



ಆಯುಧಪೂಜೆಯ ದಿನ ಚಳ್ಳಕೆರೆಯಲ್ಲಿಯೋ ಮೊಳಕಾಲ್ಮುರುವಿನಲ್ಲಿಯೋ ಯಾವುದಾದರೂ ದರ್ಜಿಯ ಅಂಗಡಿಯ ಮುಂದೆ ಒಂದು ಕ್ಷಣ ನಿಂತು ನೋಡಿ. ಉಳಿದ ದಿನಗಳಲ್ಲಿ ಬಟ್ಟೆಯ ರಾಶಿಯಲ್ಲಿ ಮುಚ್ಚಿಹೋಗುವ ಯಂತ್ರಗಳೆಲ್ಲ ಅಂದು ಎಣ್ಣೆ ಕಂಡು, ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವು ಮುಡಿದು ಸಾಲಾಗಿ ನಿಂತಿರುತ್ತವೆ. ಆಗ ಎಣಿಸುವುದು ಸುಲಭ. ಕಾಲಿನಿಂದ ತುಳಿಯುವ ಕಪ್ಪು ಯಂತ್ರ ಒಂದು. ಮೋಟಾರು ಜೋಡಿಸಿದ, ಮೇಜಿನಷ್ಟೇ ಅಗಲದ ಇನ್ನೊಂದು. ಮೂಲೆಯಲ್ಲಿ ತಲೆಯ ಮೇಲೆ ಮೂರು ನಾಲ್ಕು ದಾರದ ಉಂಡೆ ಹೊತ್ತ ಓವರ್‌ಲಾಕ್ ಯಂತ್ರ. ಸೀರೆಯ ಅಂಚಿಗೆ ಪೀಕೋ ಮಾಡುವುದು ಮತ್ತೊಂದು. ಒಬ್ಬರೇ ಕೂತು ದುಡಿಯುವ ಅಂಗಡಿಯಲ್ಲಿ ನಾಲ್ಕು ಯಂತ್ರ!

ಮನೆಗೆ ಒಂದು ಬೀರು ಸಾಕು, ಒಂದು ರುಬ್ಬುವ ಯಂತ್ರ ಸಾಕು, ನಮ್ಮ ಕಾರ್ಯಕ್ರಮ ನೋಡಲು ಒಂದು ಟಿ.ವಿ. ಸಾಕು. ಹಾಗಿರುವಾಗ ಹೊಲಿಯುವವರಿಗೆ ಮಾತ್ರ ಒಂದು ಯಂತ್ರ ಏಕೆ ಸಾಲುವುದಿಲ್ಲ? ಈ ಪ್ರಶ್ನೆಯನ್ನು ತಮಾಷೆಗಾಗಿ ಕೇಳುತ್ತಿಲ್ಲ. ರವಿಕೆ ಹೊಲಿದು ಕೂಡಿಟ್ಟ ದುಡ್ಡಿನಲ್ಲಿ ಎರಡನೆಯ ಯಂತ್ರ ಕೊಳ್ಳಬೇಕೆಂದು ಹೊರಟ ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲಿ ಮೊದಲು ಎದುರಿಸುವ ಮಾತು ಇದೇ: "ಒಂದು ಇದೆಯಲ್ಲ, ಇನ್ನೊಂದು ಯಾಕೆ?" ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಸ್ವಲ್ಪ ಚರಿತ್ರೆ, ಸ್ವಲ್ಪ ಯಂತ್ರವಿಜ್ಞಾನ ಎರಡೂ ಸಿಗುತ್ತವೆ. ವಿಜ್ಞಾನ ಓದಿ ಟಿ.ವಿ.ಗೆ ಬಂದವನಾದ್ದರಿಂದ ಎರಡನ್ನೂ ಬೆರೆಸಿಯೇ ಹೇಳುತ್ತೇನೆ.

ಹೊಲಿಗೆ ಯಂತ್ರಕ್ಕಿಂತ ಮೊದಲು ಮಗ್ಗದ ಹತ್ತಿರ ಹೋಗೋಣ. ಏಕೆಂದರೆ ಮಗ್ಗ ಹಿರಿಯಣ್ಣ. ಅಲ್ಲದೆ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಮಗ್ಗದ ಸೀಮೆಗಳೇ. ಚಳ್ಳಕೆರೆಯ ಕಡೆ ನೇಯುವುದು ಕುರಿಯ ಉಣ್ಣೆಯ ಕಂಬಳಿ. ಹುಣಸೆ ಬೀಜ ಬೇಯಿಸಿ ಅರೆದು ಮಾಡಿದ ಸರಿಯನ್ನು ಎಳೆಗಳಿಗೆ ಬಳಿದು, ಗುಂಡಿ ಮಗ್ಗದಲ್ಲಿ ಹಾಸಿಗೆ ಹೊಕ್ಕು ಸೇರಿಸುತ್ತ ಹೋಗುತ್ತಾರೆ. ಹಾಸು ಎಂದರೆ ಉದ್ದಕ್ಕೆ ಬಿಗಿದ ಎಳೆ, ಹೊಕ್ಕು ಎಂದರೆ ಅಡ್ಡಕ್ಕೆ ಲಾಳಿ ತೆಗೆದುಕೊಂಡು ಹೋಗುವ ಎಳೆ. "ಹಾಸುಹೊಕ್ಕು" ಎಂದು ನಾವು ಭಾಷಣದಲ್ಲಿ ಸಲೀಸಾಗಿ ಬಳಸುವ ಮಾತು ಹುಟ್ಟಿದ್ದು ಇಂಥ ಗುಂಡಿಯ ಪಕ್ಕದಲ್ಲಿ. ಕಂಬಳಿಯ ನೇಯ್ಗೆ ಸಾದಾ, ಬಣ್ಣವೂ ಬಹುಮಟ್ಟಿಗೆ ಕುರಿ ಕೊಟ್ಟದ್ದೇ. ಅಲ್ಲಿ ಒಂದು ಮಗ್ಗ, ಒಂದು ಲಾಳಿ ಸಾಕು. ನಾಳೆಯ ಕೆಲಸವೂ ಇವತ್ತಿನಂಥದ್ದೇ ಆಗಿದ್ದರೆ ಸಲಕರಣೆಯನ್ನು ಬದಲಿಸುವ ಪ್ರಸಂಗವೇ ಬರುವುದಿಲ್ಲ.

ಅಲ್ಲಿಂದ ಉತ್ತರಕ್ಕೆ, ಆಂಧ್ರದ ಗಡಿಯ ಹತ್ತಿರ ಇರುವ ಮೊಳಕಾಲ್ಮುರುವಿಗೆ ಬನ್ನಿ. ಇಲ್ಲಿಯ ರೇಷ್ಮೆ ಸೀರೆ ನಾಡಿಗೆಲ್ಲ ಗೊತ್ತು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ರೇಷ್ಮೆ ಸೀರೆಯ ಕೈಮಗ್ಗದಲ್ಲಿ ಲೆಕ್ಕಾಚಾರವೇ ಬೇರೆ. ಒಡಲು ಒಂದು ಬಣ್ಣ, ಎರಡು ಕಡೆಯ ಅಂಚು ಇನ್ನೊಂದು ಬಣ್ಣ ಎಂದುಕೊಳ್ಳಿ. ಒಂದೇ ಲಾಳಿ ಈ ಕಡೆಯಿಂದ ಆ ಕಡೆಗೆ ಓಡಿದರೆ ಒಡಲಿನ ಹೊಕ್ಕು ಅಂಚಿನೊಳಗೂ ನುಗ್ಗುತ್ತದೆ. ಎರಡು ಬಣ್ಣ ಬೆರೆತು ಅಂಚು ಮಂಕಾಗುತ್ತದೆ. ಅಂಚಿನ ಬಣ್ಣ ಅಂಚಿನದಾಗಿಯೇ ಉಳಿಯಬೇಕಾದರೆ ಎಡ ಅಂಚಿಗೆ ಒಂದು ಲಾಳಿ, ಒಡಲಿಗೆ ಒಂದು, ಬಲ ಅಂಚಿಗೆ ಒಂದು, ಹೀಗೆ ಮೂರು ಲಾಳಿ ಬೇಕು. ಒಡಲಿನ ಎಳೆಯೂ ಅಂಚಿನ ಎಳೆಯೂ ಸಂಧಿಸುವಲ್ಲಿ ಒಂದನ್ನೊಂದು ಕೊಂಡಿ ಹಾಕಿಕೊಂಡು ಹಿಂದಿರುಗುತ್ತವೆ. ನೇಕಾರ ಮೂರು ಲಾಳಿ ಇಟ್ಟುಕೊಂಡಿರುವುದು ಶೋಕಿಗಲ್ಲ. ಪ್ರತಿ ಸಾಲಿಗೂ ಲಾಳಿಯೊಳಗಿನ ಕಂಡಿಕೆ ತೆಗೆದು ಬೇರೆ ಬಣ್ಣದ್ದು ಹಾಕುತ್ತ ಕೂತರೆ ಸೀರೆ ಈ ವರ್ಷಕ್ಕೆ ಮುಗಿಯುವುದಿಲ್ಲ.

ಇದೇ ನ್ಯಾಯ ಮಗ್ಗಕ್ಕೂ ಅನ್ವಯಿಸುತ್ತದೆ. ಒಂದು ಹಾಸು ಮುಗಿದು ಇನ್ನೊಂದನ್ನು ಹೂಡಬೇಕಾದರೆ ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ತುದಿಯನ್ನು ಎಳೆಗೆ ಎಳೆ ಹೊಸೆದು ಸೇರಿಸಬೇಕು. ಎಳೆಗಳು ಸಾವಿರಾರು. ಹಾಗೆ ಹೊಸೆಯುವಷ್ಟು ಹೊತ್ತು ಒಂದಂಗುಲ ಬಟ್ಟೆಯೂ ಹುಟ್ಟುವುದಿಲ್ಲ, ಒಂದು ಕಾಸೂ ಬರುವುದಿಲ್ಲ. ಅಗಲ ಬೇರೆ, ಎಳೆಯ ದಪ್ಪ ಬೇರೆ, ವಿನ್ಯಾಸ ಬೇರೆ ಎಂದಾದರೆ ಹಣಿಗೆಯಿಂದ ಹಿಡಿದು ಎಲ್ಲವನ್ನೂ ಬದಲಿಸಬೇಕು. ಆದ್ದರಿಂದಲೇ ಜಾಗವೂ ಬಂಡವಾಳವೂ ಇದ್ದ ನೇಕಾರ ಮಗ್ಗವನ್ನು ಮತ್ತೆ ಮತ್ತೆ ಬದಲಿಸುವ ಬದಲು ಎರಡನೆಯ ಮಗ್ಗ ಹೂಡುತ್ತಾನೆ. ಇಲ್ಲದವನು ಇರುವ ಒಂದರಲ್ಲೇ ಒಂದೇ ಬಗೆಯ ಸೀರೆ ನೇಯುತ್ತ ಹೋಗುತ್ತಾನೆ. ಅದಕ್ಕೆ ಬೇಡಿಕೆ ಇಳಿದಾಗ ಕೈಕಟ್ಟಿ ಕೂರುತ್ತಾನೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈಗ ಮಗ್ಗದಿಂದ ಹೊಲಿಗೆ ಯಂತ್ರಕ್ಕೆ ದಾಟೋಣ. ಇದು ನನ್ನ ಕಲ್ಪನೆಯ ಸೇತುವೆಯಲ್ಲ, ಚರಿತ್ರೆಯೇ ಕಟ್ಟಿದ್ದು.

ಕೈಯಲ್ಲಿ ಹೊಲಿಯುವಾಗ ಏನಾಗುತ್ತದೆ? ಸೂಜಿ ಪೂರ್ತಿಯಾಗಿ ಬಟ್ಟೆಯನ್ನು ತೂರಿ ಆಚೆ ಬರುತ್ತದೆ, ಹಿಂದೆಯೇ ದಾರವನ್ನೆಲ್ಲ ಎಳೆದು ತರುತ್ತದೆ. ಮತ್ತೆ ತಿರುಗಿ ಈಚೆ ಬರುತ್ತದೆ. ಬೆರಳುಗಳಿಗೆ ಇದು ಸುಲಭ. ಯಂತ್ರಕ್ಕೆ ಬಹಳ ಕಷ್ಟ, ಏಕೆಂದರೆ ಅದು ಸೂಜಿಯನ್ನು ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಹಿಡಿಯಬೇಕು. ಮೊದಮೊದಲು ಯಂತ್ರ ಮಾಡಹೊರಟ ಎಷ್ಟೋ ಜನ ಕೈಯನ್ನೇ ಅನುಕರಿಸಲು ಹೋಗಿ ಸೋತರು. ಸೂಜಿಯನ್ನು ಬಿಡದೆ, ದಾರದ ಒಂದು ಕುಣಿಕೆಯನ್ನು ಮಾತ್ರ ಬಟ್ಟೆಯ ಕೆಳಗೆ ಇಳಿಸಿ ಅಲ್ಲಿ ಹಿಡಿದುಕೊಂಡರೆ ಸಾಕು ಎಂಬುದು ಹೊಳೆದ ಮೇಲೆ ದಾರಿ ತೆರೆಯಿತು. ಫ್ರಾನ್ಸಿನ ದರ್ಜಿ ಬಾರ್ತೆಲೆಮಿ ತಿಮೋನಿಯೆ 1830ರಲ್ಲಿ ಪೇಟೆಂಟ್ ಪಡೆದ ಯಂತ್ರ ಸರಪಳಿ ಹೊಲಿಗೆ ಹಾಕುತ್ತಿತ್ತು. ಪ್ಯಾರಿಸ್ಸಿನಲ್ಲಿ ಅಂಥ ಎಂಬತ್ತು ಯಂತ್ರಗಳನ್ನು ಇಟ್ಟು ಸೈನಿಕರ ಉಡುಪು ಹೊಲಿಯುವ ಕಾರ್ಖಾನೆ ನಡೆಯತೊಡಗಿತು. 1831ರಲ್ಲಿ ಊರಿನ ದರ್ಜಿಗಳು ಗುಂಪುಗೂಡಿ ನುಗ್ಗಿ ಯಂತ್ರಗಳನ್ನು ಪುಡಿ ಮಾಡಿದರು. ಅವರನ್ನು ಮೂರ್ಖರೆಂದು ಬರೆದುಬಿಡುವುದು ಸುಲಭ. ಆದರೆ ಆ ಎಂಬತ್ತು ಯಂತ್ರಗಳಲ್ಲಿ ಒಂದಾದರೂ ಅವರ ಸ್ವಂತದ್ದಾಗಿರಲಿಲ್ಲ ಎಂಬುದನ್ನು ಮರೆಯಬಾರದು. ತಿಮೋನಿಯೆ 1857ರಲ್ಲಿ ಬಡತನದಲ್ಲೇ ತೀರಿಕೊಂಡ.

ಅಮೆರಿಕದ ಎಲಿಯಾಸ್ ಹೋವ್ ಇನ್ನೊಂದು ದಾರಿ ಹಿಡಿದ. ಹುಡುಗನಾಗಿದ್ದಾಗ ಆತ ಲೋವೆಲ್ ಎಂಬ ಊರಿನಲ್ಲಿ ಜವಳಿ ಯಂತ್ರಗಳ ಕಾರ್ಖಾನೆಯಲ್ಲಿ ಕೆಲಸ ಕಲಿತವನು. ಮಗ್ಗದ ಲಾಳಿ ಅವನಿಗೆ ಹೊಸದಲ್ಲ. ಸೂಜಿಯ ಕಣ್ಣನ್ನು ಹಿಂದಿನ ತುದಿಯಲ್ಲಿ ಇಡದೆ ಮೊನೆಯ ಹತ್ತಿರವೇ ಇಟ್ಟು, ಅದು ಬಟ್ಟೆಯ ಕೆಳಗೆ ಇಳಿಸಿದ ಕುಣಿಕೆಯ ಮೂಲಕ ಎರಡನೆಯ ದಾರ ಹೊತ್ತ ಪುಟ್ಟ ಲಾಳಿಯೊಂದನ್ನು ಓಡಿಸಿದ. ಮೇಲಿನ ದಾರ ಕೆಳಗಿನ ದಾರವನ್ನು ಸುತ್ತಿ ಬಿಗಿಯಿತು. ಇದೇ ಲಾಕ್ ಹೊಲಿಗೆ. 1846ರ ಸೆಪ್ಟೆಂಬರಿನಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಇಂದಿಗೂ ನಮ್ಮ ದರ್ಜಿಗಳು ಯಂತ್ರದ ಹೊಟ್ಟೆಯೊಳಗಿನ ಆ ಭಾಗವನ್ನು "ಶಟಲ್" ಎನ್ನುತ್ತಾರೆ. ಶಟಲ್ ಎಂದರೆ ಲಾಳಿ. ಮೊಳಕಾಲ್ಮುರುವಿನ ನೇಕಾರನ ಕೈಯಲ್ಲಿ ಓಡುವ ಲಾಳಿಯೂ ಪಕ್ಕದ ಬೀದಿಯ ದರ್ಜಿಯ ಯಂತ್ರದಲ್ಲಿ ಅಡಗಿರುವ ಶಟಲ್ಲೂ ಒಂದೇ ಮನೆತನದವು.

ಒಮ್ಮೆ ಯಂತ್ರದ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿ, ತುಂಬ ಚೆಂದದ ದೃಶ್ಯ ಅದು. ಸೂಜಿ ಕೆಳಗಿಳಿದು ಎರಡು ಮಿಲಿಮೀಟರಿನಷ್ಟು ಮೇಲೇರಿದಾಗ ದಾರ ಸಡಿಲವಾಗಿ ಒಂದು ಸಣ್ಣ ಕುಣಿಕೆ ಮೂಡುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಕೊಕ್ಕೆಯ ಮೊನೆ ಬಂದು ಕುಣಿಕೆಯನ್ನು ಹಿಡಿದು ಬಾಬಿನ್ನಿನ ಸುತ್ತ ದಾಟಿಸುತ್ತದೆ. ಕೂದಲೆಳೆಯಷ್ಟು ಹೊತ್ತು ತಪ್ಪಿದರೂ ಹೊಲಿಗೆ ಬೀಳುವುದಿಲ್ಲ. ದಾರ ದಪ್ಪವಾದರೆ, ಸೂಜಿ ಬದಲಾದರೆ, ಬಟ್ಟೆ ಗಡುಸಾದರೆ ಕುಣಿಕೆಯ ಆಕಾರ ಬದಲಾಗುತ್ತದೆ. ಬಿಗುವನ್ನು ಮತ್ತೆ ಹೊಂದಿಸಬೇಕು. ಹೊಂದಿಸಿದ ಯಂತ್ರವನ್ನು ದರ್ಜಿ ಬೇರೆಯವರ ಕೈಗೆ ಕೊಡಲು ಹಿಂಜರಿಯುವುದು ಜಿಪುಣತನದಿಂದಲ್ಲ.

ಲಾಕ್ ಹೊಲಿಗೆಗೆ ಒಂದು ಮಿತಿ ಇದೆ. ಬಾಬಿನ್ನಿನಲ್ಲಿ ಎಷ್ಟು ದಾರ ಹಿಡಿಯುತ್ತದೋ ಅಷ್ಟೇ, ಮುಗಿದಾಗ ನಿಲ್ಲಿಸಿ ತುಂಬಬೇಕು. ಆ ಹೊಲಿಗೆ ಹೆಚ್ಚು ಹಿಗ್ಗುವುದೂ ಇಲ್ಲ. ಸರಪಳಿ ಹೊಲಿಗೆಗೆ ಬಾಬಿನ್ ಬೇಡ, ಉಂಡೆಯಿಂದ ನೇರವಾಗಿ ದಾರ ಬರುತ್ತಲೇ ಇರುತ್ತದೆ. ಚಳ್ಳಕೆರೆ ಕಡಲೆಕಾಯಿ ಎಣ್ಣೆಗೆ ಹೆಸರಾದ ಊರು. ಅಲ್ಲಿಯ ಮಂಡಿಯಲ್ಲಿ ಚೀಲದ ಬಾಯಿ ಹೊಲಿಯುವ ಕೈಯಂತ್ರವನ್ನು ನೀವು ನೋಡಿರಬಹುದು. ಅದು ಹಾಕುವುದು ಸರಪಳಿ ಹೊಲಿಗೆ. ಮನೆಗೆ ಬಂದ ಅಕ್ಕಿ ಚೀಲದ ದಾರವನ್ನು ಸರಿಯಾದ ತುದಿಯಿಂದ ಹಿಡಿದು ಎಳೆದರೆ ಸರಸರನೆ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ, ತಪ್ಪು ತುದಿ ಹಿಡಿದರೆ ಕತ್ತರಿಯೇ ಗತಿ. ಚೀಲಕ್ಕೆ ಆ ಗುಣ ವರ. ಶಾಲೆಯ ಚಡ್ಡಿಗೆ ಅದೇ ಗುಣವಿದ್ದರೆ ಏನಾಗುತ್ತದೆಂದು ನಾನು ವಿವರಿಸಬೇಕಾಗಿಲ್ಲ.

ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಹೊಲಿಗೆ, ಒಂದೊಂದು ಹೊಲಿಗೆಗೂ ಬೇರೆ ಬೇರೆ ಯಂತ್ರ ಹುಟ್ಟುತ್ತ ಹೋದವು. ಕತ್ತರಿಸಿದ ಅಂಚಿನಿಂದ ಎಳೆ ಬಿಡದಂತೆ, ಹರಿತವಾದ ಅಲಗಿನಿಂದ ಅಂಚನ್ನು ಸವರುತ್ತಲೇ ದಾರಗಳಿಂದ ಸುತ್ತುವ ಓವರ್‌ಲಾಕ್ ಯಂತ್ರವನ್ನು 19ನೇ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಮೆರೋ ಕಂಪನಿ ಬೆಳೆಸಿತು. ಕಾಜಾ ಹೊಲಿಯುವ ಯಂತ್ರವೂ ಸುಮಾರು ಅದೇ ಕಾಲದ್ದು. ಓವರ್‌ಲಾಕಿನಲ್ಲಿ ಬಾಬಿನ್ ಇಲ್ಲ, ಶಟಲ್ ಇಲ್ಲ. ಅಲ್ಲಿ ಕುಣಿಕೆ ಹಿಡಿಯುವ ಕೈಗಳೇ ಬೇರೆ. ಆದ್ದರಿಂದ ಲಾಕ್ ಹೊಲಿಗೆಯ ಯಂತ್ರಕ್ಕೆ ಏನೇ ಬಿಡಿಭಾಗ ಜೋಡಿಸಿದರೂ ಅದು ನಿಜವಾದ ಓವರ್‌ಲಾಕ್ ಆಗುವುದಿಲ್ಲ. "ನೂರು ಬಗೆಯ ಹೊಲಿಗೆ ಹಾಕುವ ಒಂದೇ ಯಂತ್ರ" ಎಂಬ ಜಾಹೀರಾತು ನೀವು ಕಂಡಿರುತ್ತೀರಿ. ಸುಳ್ಳಲ್ಲ. ಆದರೆ ಆ ನೂರೂ ಬಹುತೇಕ ಲಾಕ್ ಹೊಲಿಗೆಯದೇ ನೂರು ನಡಿಗೆಗಳು: ಸೂಜಿ ಎಡಕ್ಕೆ ಬಲಕ್ಕೆ ಸರಿದು ಬಳ್ಳಿ ಬಿಡಿಸುತ್ತದೆ, ಹೂವು ಬಿಡಿಸುತ್ತದೆ. ಕೆಳಗೆ ಅದೇ ಬಾಬಿನ್, ಅದೇ ಕೊಕ್ಕೆ.

ಇನ್ನು ಸೂಜಿಯ ವಿಷಯ. ಸೂಜಿಯ ಪೊಟ್ಟಣದ ಮೇಲೆ 75/11, 90/14, 110/18 ಎಂದು ಅಚ್ಚಾಗಿರುತ್ತದೆ. ದೊಡ್ಡ ಅಂಕಿ ಸೂಜಿಯ ದಪ್ಪ, ಮಿಲಿಮೀಟರಿನ ನೂರರಲ್ಲಿ. 75 ಎಂದರೆ 0.75 ಮಿ.ಮೀ., 110 ಎಂದರೆ 1.1 ಮಿ.ಮೀ. ರೇಷ್ಮೆ ರವಿಕೆಗೆ ದಪ್ಪ ಸೂಜಿ ಹಾಕಿದರೆ ತೂತು ಎದ್ದು ಕಾಣುತ್ತದೆ, ಎಳೆ ಕೀಳುತ್ತದೆ; ಬಿಚ್ಚಿ ಮತ್ತೆ ಹೊಲಿದರೂ ಗುರುತು ಹೋಗುವುದಿಲ್ಲ. ಜೀನ್ಸಿಗೆ ಸಣ್ಣ ಸೂಜಿ ಹಾಕಿದರೆ ಪಟ್ಟೆಂದು ಮುರಿಯುತ್ತದೆ. ಬೆಳಿಗ್ಗೆ ಪ್ಯಾಂಟು ಕಿರಿದು ಮಾಡಿ, ಮಧ್ಯಾಹ್ನ ರವಿಕೆ ಹೊಲಿದು, ಸಂಜೆ ಮತ್ತೆ ಪ್ಯಾಂಟಿಗೆ ಬರುವ ಊರ ದರ್ಜಿಗೆ ಸೂಜಿ, ಮೇಲಿನ ದಾರ, ಬಾಬಿನ್, ಬಿಗುವು, ಹೊಲಿಗೆಯ ಉದ್ದ ಎಲ್ಲವನ್ನೂ ಪ್ರತಿ ಸಲ ಬದಲಿಸಿ, ಚಿಂದಿಯ ಮೇಲೆ ಓಡಿಸಿ ಪರೀಕ್ಷಿಸಬೇಕು. ನಮ್ಮ ಸ್ಟುಡಿಯೋದಲ್ಲಿ ಮೂವರು ಕೂತು ಮಾತಾಡುವ ಸಾದಾ ಕಾರ್ಯಕ್ರಮಕ್ಕೂ ಮೂರು ಕ್ಯಾಮೆರಾ ಏಕೆ ಎಂದು ನೋಡಲು ಬಂದ ಮಕ್ಕಳು ಕೇಳುವುದುಂಟು. ಒಂದೇ ಕ್ಯಾಮೆರಾವನ್ನು ಆಚೆ ಈಚೆ ತಳ್ಳುತ್ತ ಕೂತರೆ ಅತಿಥಿಯ ಮಾತು ಹಳಸಿಹೋಗುತ್ತದೆ, ಅಷ್ಟೇ ಕಾರಣ. ಹೊಂದಿಸಿ ನಿಲ್ಲಿಸಿದ ಸಲಕರಣೆಯ ಬೆಲೆ ಹೊಂದಿಸುತ್ತ ಕೂತವರಿಗೇ ಗೊತ್ತು.

ಹಾಗಾದರೆ ಇಷ್ಟೊಂದು ಯಂತ್ರ ಕೊಳ್ಳಲು ಬಡವರ ಮನೆಗೆ ದುಡ್ಡು ಎಲ್ಲಿಂದ ಬಂತು? ಇಲ್ಲಿ ಐಸಾಕ್ ಸಿಂಗರ್ ಪ್ರವೇಶಿಸುತ್ತಾನೆ. 1851ರಲ್ಲಿ ಅವನು ಪೇಟೆಂಟ್ ಪಡೆದ ಯಂತ್ರಕ್ಕೆ ಆಗಿನ ನೂರು ಡಾಲರಿಗೂ ಮೇಲೆ ಬೆಲೆ. ಸಾಮಾನ್ಯ ಮನೆಗೆ ಎಟುಕುವ ಮಾತಲ್ಲ. 1856ರಲ್ಲಿ ಅವನ ಕಂಪನಿ ಕಂತಿನ ಮೇಲೆ ಮಾರಲು ಶುರುಮಾಡಿತು. ಅದೇ ವರ್ಷ, ಒಬ್ಬರ ಮೇಲೊಬ್ಬರು ಮೊಕದ್ದಮೆ ಹೂಡಿ ಸುಸ್ತಾಗಿದ್ದ ಹೋವ್, ಸಿಂಗರ್ ಮತ್ತು ಇತರ ತಯಾರಕರು ತಮ್ಮ ಪೇಟೆಂಟುಗಳನ್ನೆಲ್ಲ ಒಂದೇ ರಾಶಿಗೆ ಹಾಕಲು ಒಪ್ಪಿಕೊಂಡರು. ಸಿಂಗರ್ ಯಂತ್ರವೆಂದು ಜನ ಕರೆದದ್ದರಲ್ಲಿ ಸೂಜಿ–ಶಟಲ್ಲಿನ ಜೋಡಿ ಹೋವನದು, ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲಿನ ಚಲನೆ ಅಲೆನ್ ವಿಲ್ಸನ್ನನದು.

19ನೇ ಶತಮಾನ ಮುಗಿಯುವುದರೊಳಗೆ ಯಂತ್ರ ಭಾರತಕ್ಕೂ ಬಂದಿತ್ತು. ಯಂತ್ರಗಳ ಬಗ್ಗೆ ಅಷ್ಟು ಕಟುವಾಗಿದ್ದ ಗಾಂಧೀಜಿ 1924ರಲ್ಲಿ ನಡೆದ ಒಂದು ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ಮಾತ್ರ ತಮ್ಮ ಆಕ್ಷೇಪಣೆಯಿಂದ ಹೊರಗಿಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ನೋಡಲಾರದೆ ಸಿಂಗರ್ ಅದನ್ನು ಕಂಡುಹಿಡಿದನೆಂಬ ಕಥೆಯನ್ನು ಅವರು ನಂಬಿದ್ದರು. ಸಿಂಗರನ ಜೀವನಚರಿತ್ರೆ ಓದಿದವರಿಗೆ ಅವನು ಅಷ್ಟು ಮೃದು ಹೃದಯದವನೆಂದು ತೋರುವುದಿಲ್ಲ. ಅವನ ಕಣ್ಣು ಲಾಭದ ಮೇಲಿತ್ತು. ಆದರೂ ಗಾಂಧೀಜಿಯ ಎಣಿಕೆ ಒಂದು ಅರ್ಥದಲ್ಲಿ ಸರಿ: ಈ ಯಂತ್ರ ಮನೆಯೊಳಗೆ ಹಿಡಿಸುತ್ತದೆ, ಒಬ್ಬರ ಕೈಕಾಲಿನ ಶಕ್ತಿಯಲ್ಲೇ ನಡೆಯುತ್ತದೆ, ದುಡಿಯುವವರೇ ಅದರ ಒಡೆಯರಾಗಬಹುದು. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ 'ಉಷಾ' ಯಂತ್ರಗಳನ್ನು ಮಾಡತೊಡಗಿತು. ಮದುವೆಯಲ್ಲಿ ಮಗಳಿಗೆ ಕೊಡುವ ಸಾಮಾನಿನ ಪಟ್ಟಿಗೆ ಹೊಲಿಗೆ ಯಂತ್ರವೂ ಸೇರಿತು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೆಣ್ಣಿನ ಹೆಸರಿಗಿದ್ದ ಮೊದಲ ಯಂತ್ರ ಇದೇ.

ಗಾಂಧೀಜಿ ಒಪ್ಪಿದ ಆ ಯಂತ್ರ ಮನೆಗೊಂದರಂತೆ ಇದ್ದದ್ದು. ಅದೇ ಯಂತ್ರದ ಅಣ್ಣತಮ್ಮಂದಿರು ಹತ್ತಾರು ಸೇರಿದಾಗ ಏನಾಗುತ್ತದೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಹಿರಿಯೂರಿನಿಂದ ಚಳ್ಳಕೆರೆ, ರಾಂಪುರ ಹಾದು ಹೋಗುವ ಹೆದ್ದಾರಿ ಹಿಡಿದರೆ ಬಳ್ಳಾರಿ. ಮೊಳಕಾಲ್ಮುರುವಿನ ನೆರೆಯಲ್ಲೇ, ಗಡಿಯಾಚೆ, ರಾಯದುರ್ಗ. ಇದೂ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರುಗಳ ಜೊತೆಗೆ ಆ ಕಡೆ ಹೋಯಿತು. ರಾಜ್ಯದ ಗೆರೆ ಬಿದ್ದರೂ ಕಸುಬು ಒಂದೇ ಆಗಿ ಉಳಿದಿದೆ: ಎರಡೂ ಊರುಗಳು ಜೀನ್ಸ್ ಹೊಲಿಗೆಗೆ ಹೆಸರುವಾಸಿ.

ಬಳ್ಳಾರಿ ಬ್ರಿಟಿಷರ ದಂಡು ಇದ್ದ ಊರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸಿಪಾಯಿಗಳ ಸಮವಸ್ತ್ರ ಹೊಲಿಯಲು ಮರಾಠಿ ಮಾತಿನ ದರ್ಜಿ ಕುಟುಂಬಗಳು ಬಂದು ನೆಲೆಸಿದವೆಂದೂ, ಆ ಕೈಚಳಕವೇ ಮುಂದೆ ಸಿದ್ಧ ಉಡುಪಿಗೂ ಜೀನ್ಸಿಗೂ ತಿರುಗಿತೆಂದೂ ಊರಿನವರು ಹೇಳುತ್ತಾರೆ. ಜೀನ್ಸಿನ ಹುಟ್ಟಿನಲ್ಲೂ ಒಬ್ಬ ದರ್ಜಿ ಇದ್ದಾನೆ. ಅಮೆರಿಕದ ರೀನೋ ಊರಿನ ಜೇಕಬ್ ಡೇವಿಸ್ ಕೂಲಿಗಾರರ ಪ್ಯಾಂಟಿನ ಜೇಬು ಹರಿಯದಂತೆ ಮೂಲೆಗೆ ತಾಮ್ರದ ರಿವೆಟ್ ಬಡಿದ; ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದ.

ನಿಮ್ಮ ಜೀನ್ಸ್ ಪ್ಯಾಂಟನ್ನು ಒಳಮೈ ಹೊರಗಾಗಿ ತಿರುಗಿಸಿ ಮಂಚದ ಮೇಲೆ ಹರಡಿ. ಕಾಲಿನ ಒಂದು ಕಡೆ ಬಟ್ಟೆಯ ಅಂಚುಗಳು ಒಂದರೊಳಗೊಂದು ಮಡಿಸಿ ಎರಡು ಸಾಲು ಹೊಲಿಗೆ ಬಿದ್ದಿರುತ್ತದೆ. ಕೊಳವೆಯಾಕಾರದ ಕಾಲನ್ನು ಸುತ್ತಿ ಹೊಲಿಯಲು ಯಂತ್ರಕ್ಕೆ ತೋಳಿನಂಥ ಚಾಚು ಬೇಕು. ಅದಕ್ಕೆ ಬೇರೆಯೇ ಯಂತ್ರವಿದೆ. ಇನ್ನೊಂದು ಕಡೆ ಓವರ್‌ಲಾಕ್. ಜೇಬಿನ ಮೇಲಿನ ಚಿತ್ತಾರ ಲಾಕ್ ಹೊಲಿಗೆ. ಸೊಂಟಪಟ್ಟಿಗೆ ಹಲವು ಸೂಜಿಯ ಸರಪಳಿ ಹೊಲಿಗೆ. ಬೆಲ್ಟು ತೂರಿಸುವ ಪಟ್ಟಿಯ ತುದಿಯಲ್ಲಿ ಒತ್ತೊತ್ತಾಗಿ ಅಡ್ಡಡ್ಡ ಹೊಲಿದ ಪುಟ್ಟ ಗಟ್ಟಿ ಗೆರೆ ಕಾಣುತ್ತದೆ, ಅದು ಬಾರ್‌ಟ್ಯಾಕ್, ಅದಕ್ಕೊಂದು ಯಂತ್ರ. ಕಾಜಾಕ್ಕೊಂದು. ಗುಂಡಿ, ರಿವೆಟ್ ಒತ್ತಲು ಇನ್ನೊಂದು. ಒಂದು ಪ್ಯಾಂಟು, ಏಳು ಬಗೆಯ ಯಂತ್ರ.

ಈ ಏಳೂ ಯಾರ ಬಳಿ ಇವೆ ಎಂಬುದೇ ಮುಖ್ಯವಾದ ಪ್ರಶ್ನೆ. ಬಳ್ಳಾರಿಯಂಥ ಊರಿನಲ್ಲಿ ಕತ್ತರಿಸಿದ ಬಟ್ಟೆಯ ಕಟ್ಟುಗಳು ಒಂದು ಮನೆಯಿಂದ ಇನ್ನೊಂದಕ್ಕೆ, ಒಂದು ಘಟಕದಿಂದ ಮತ್ತೊಂದಕ್ಕೆ ಪಯಣ ಮಾಡುತ್ತವೆ. ಒಂದೇ ಸಾದಾ ಯಂತ್ರ ಇಟ್ಟುಕೊಂಡ ಮನೆಗೆ ಬರುವುದು ಜೇಬು ಹಚ್ಚುವಂಥ ಒಂದೇ ಕೆಲಸ, ಅದೂ ನಗಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಜೇಬಿನ ದರವನ್ನು ಆಕೆ ಏರಿಸುವಂತಿಲ್ಲ, ಏಕೆಂದರೆ ಸಾದಾ ಯಂತ್ರ ಪಕ್ಕದ ಮನೆಯಲ್ಲೂ ಇದೆ. ಪ್ಯಾಂಟನ್ನು ಆರಂಭದಿಂದ ಕೊನೆಯವರೆಗೆ ಮುಗಿಸಬಲ್ಲವನು ಮಾತ್ರ ವ್ಯಾಪಾರಿಯ ಮುಂದೆ ಕೂತು ಬೆಲೆ ಮಾತಾಡಬಲ್ಲ. ಹೊಲಿಗೆಯ ಕೌಶಲ ಇಬ್ಬರಲ್ಲೂ ಸಮನಾಗಿರಬಹುದು, ಆಕೆಯದೇ ಒಂದು ತೂಕ ಹೆಚ್ಚಿರಲೂಬಹುದು. ಒಂದೇ ಮಗ್ಗದ ನೇಕಾರನ ಮಾತನ್ನು ನೆನಪಿನಲ್ಲಿಡಿ ಎಂದು ಹೇಳಿದ್ದು ಇದಕ್ಕೇ.

ಹೊಟ್ಟೆಪಾಡಿಗಲ್ಲದೆ ಹವ್ಯಾಸಕ್ಕಾಗಿ ಹೊಲಿಯುವವರ ವಿಷಯವೂ ಕುತೂಹಲಕಾರಿ. ಅಮೆರಿಕದಲ್ಲಿ ತುಂಡು ಬಟ್ಟೆ ಜೋಡಿಸಿ ಹೊದಿಕೆ ಹೊಲಿಯುವ ಹೆಂಗಸರ ಮನೆಯಲ್ಲಿ ಮೂರು ನಾಲ್ಕು ಯಂತ್ರ ಇರುವುದು ಅಪರೂಪವಲ್ಲ. ತುಂಡುಗಳನ್ನು ಜೋಡಿಸಲು ಒಂದು. ಜೋಡಿಸಿದ ಮೇಲೆ ಹತ್ತಿಯ ಪದರ ಇಟ್ಟು ಹೊಲಿಯುವಾಗ ಸುರುಳಿ ಸುತ್ತಿದ ದಪ್ಪ ಹೊದಿಕೆ ಸೂಜಿಗೂ ಯಂತ್ರದ ಕಂಬಕ್ಕೂ ನಡುವಿನ ಜಾಗದಲ್ಲಿ ತೂರಬೇಕು; ಸಾದಾ ಯಂತ್ರದಲ್ಲಿ ಅದು ಒಂದು ಗೇಣಿನಷ್ಟೂ ಇರುವುದಿಲ್ಲ, ಹಾಗಾಗಿ ಉದ್ದ ತೋಳಿನದು ಇನ್ನೊಂದು. ಗೆಳತಿಯರ ಮನೆಗೆ ಒಯ್ಯಲು ಹಗುರವಾದದ್ದು ಮತ್ತೊಂದು: 1933ರಲ್ಲಿ ಸಿಂಗರ್ ಹೊರತಂದ 'ಫೆದರ್‌ವೇಟ್' ಎಂಬ ಐದು ಕಿಲೋ ತೂಕದ ಪುಟ್ಟ ಯಂತ್ರವನ್ನು ಜನ ಇಂದಿಗೂ ಹುಡುಕಿ ಕೊಳ್ಳುತ್ತಾರೆ.

ನಮ್ಮ ಕೌದಿಗೆ ಇವು ಯಾವುವೂ ಬೇಕಾಗಲಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ, ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಂಗಸರಲ್ಲಿ, ಹಳೆಯ ಸೀರೆ ಪಂಚೆಗಳನ್ನು ಪದರ ಪದರವಾಗಿ ಹಾಸಿ ಸುತ್ತಲೂ ಕೂತು ಒಂದೊಂದೇ ಸೂಜಿಯಲ್ಲಿ ಹೊಲಿದು ಮುಗಿಸುತ್ತಾರೆ. ಇದರಲ್ಲಿ ಒಂದು ಸ್ವಾರಸ್ಯವಿದೆ. ಒಂದೇ ದಾರ ಮೇಲೆ ಕೆಳಗೆ ಮುಳುಗಿ ಏಳುತ್ತ ಹೋಗುವ ಕೌದಿಯ ಆ ಸಾಲನ್ನು ನಾನು ಇಷ್ಟು ಹೊತ್ತು ಬಣ್ಣಿಸಿದ ಯಾವ ಯಂತ್ರವೂ ಹಾಕಲಾರದು. ಸೂಜಿ ಪೂರ್ತಿಯಾಗಿ ಬಟ್ಟೆಯ ಆಚೆ ದಾಟಬೇಕಲ್ಲ! ಯಂತ್ರಕ್ಕೆ ಒಂದೊಂದು ಹೊಲಿಗೆ ಮಾತ್ರ ಬರುತ್ತದೆ, ಕೈಗೆ ಎಲ್ಲ ಹೊಲಿಗೆಯೂ ಬರುತ್ತದೆ. ಕೈ ಸೋಲುವುದು ವೇಗದಲ್ಲಿ. ಹೋವ್ ತನ್ನ ಯಂತ್ರವನ್ನು ಮೊದಲು ತೋರಿಸಿದಾಗ ಅದು ನಿಮಿಷಕ್ಕೆ 250 ಹೊಲಿಗೆ ಹಾಕಿ ಐವರು ಕೈಹೊಲಿಗೆಯವರನ್ನು ಹಿಂದಿಕ್ಕಿತಂತೆ. ಇಂದಿನ ಕಾರ್ಖಾನೆಯ ಯಂತ್ರಗಳದು ನಿಮಿಷಕ್ಕೆ ನಾಲ್ಕೈದು ಸಾವಿರ.

ಮೊಳಕಾಲ್ಮುರುವಿನ ಸೀರೆಯನ್ನೇ ತೆಗೆದುಕೊಳ್ಳಿ. ಮಗ್ಗದಿಂದ ಇಳಿದಾಗ ಅದಕ್ಕೆ ಒಂದು ಹೊಲಿಗೆಯೂ ಇಲ್ಲ. ಕೊಂಡವರು ಅಂಚಿಗೆ ಪೀಕೋ ಮಾಡಿಸುತ್ತಾರೆ, ಕೆಳಗೆ ಫಾಲ್ ಹಚ್ಚಿಸುತ್ತಾರೆ, ಸೆರಗಿಗೆ ಕುಚ್ಚು ಕಟ್ಟಿಸುತ್ತಾರೆ, ರವಿಕೆಯ ತುಂಡು ದರ್ಜಿಯ ಬಳಿ ಹೋಗುತ್ತದೆ. ಪೀಕೋ ಯಂತ್ರದ ಕೆಲಸ, ಕುಚ್ಚು ಪೂರ್ತಿ ಬೆರಳಿನದು, ಫಾಲಿನ ಹೊಲಿಗೆ ಮೇಲೆ ಕಾಣದಿರಲೆಂದು ಅದಕ್ಕೂ ಹೆಚ್ಚಾಗಿ ಕೈಸೂಜಿಯನ್ನೇ ಬಳಸುತ್ತಾರೆ. ರವಿಕೆಗೆ ಲಾಕ್ ಹೊಲಿಗೆಯೂ ಒಳಗಿನ ಅಂಚಿಗೆ ಓವರ್‌ಲಾಕೂ ಬೇಕು. ಒಂದೇ ಕಪ್ಪು ಯಂತ್ರ ಇರುವಾಕೆ ಇದರಲ್ಲಿ ರವಿಕೆಯ ಒಂದು ಪಾಲನ್ನು ಮಾತ್ರ ಮಾಡಬಲ್ಲಳು. ಓವರ್‌ಲಾಕಿಗೆ ಪಕ್ಕದ ಅಂಗಡಿಗೆ ಕೊಟ್ಟು, ಅದರ ದುಡ್ಡನ್ನು ತನ್ನ ಕೂಲಿಯಿಂದ ಕಳೆದುಕೊಳ್ಳಬೇಕು.

ಸರ್ಕಾರದ ಇಲಾಖೆಗಳೂ ಸಂಘ ಸಂಸ್ಥೆಗಳೂ ಬಡ ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ವಿತರಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಅಂಥ ಸಮಾರಂಭಗಳನ್ನು ನಮ್ಮ ಕ್ಯಾಮೆರಾಗಳು ಎಷ್ಟೋ ಬಾರಿ ಚಿತ್ರೀಕರಿಸಿವೆ. ಕೊಡುವುದು ಸಾಮಾನ್ಯವಾಗಿ ಒಬ್ಬರಿಗೆ ಒಂದು, ಅದೂ ನೇರ ಹೊಲಿಗೆಯದು. ಒಂದೇ ಬೀದಿಯ ಹತ್ತು ಮನೆಗೆ ಹತ್ತು ಒಂದೇ ಬಗೆಯ ಯಂತ್ರ ಬಂದರೆ ಹತ್ತೂ ಜನ ಒಂದೇ ಕೆಲಸಕ್ಕೆ ಕೈಚಾಚಿ ದರ ಇಳಿಸಿಕೊಳ್ಳುತ್ತಾರೆ. ಆ ಹತ್ತರಲ್ಲಿ ಎರಡು ಓವರ್‌ಲಾಕ್, ಒಂದು ಪೀಕೋ, ಒಂದು ಕಾಜಾ ಯಂತ್ರ ಇದ್ದು ಅವನ್ನು ಸ್ತ್ರೀಶಕ್ತಿ ಸಂಘದ ಕೋಣೆಯಲ್ಲಿ ಇಟ್ಟಿದ್ದರೆ ಅದೇ ಬೀದಿ ಶಾಲೆಯೊಂದರ ಸಮವಸ್ತ್ರವನ್ನು ಪೂರ್ತಿಯಾಗಿ ಗುತ್ತಿಗೆ ಹಿಡಿಯಬಹುದಿತ್ತು ಎಂದು ನನಗೆ ಅನ್ನಿಸುತ್ತದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಒಂದು. ಸಲಕರಣೆಗೆಂದು 15,000 ರೂಪಾಯಿಯವರೆಗೆ ನೆರವು, ಬಳಿಕ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಕಡಿಮೆ ಬಡ್ಡಿಯ ಸಾಲ ಅದರಲ್ಲಿದೆ. ಸಲಕರಣೆಯ ನೆರವು ಮೊದಲ ಯಂತ್ರಕ್ಕೆ ಸರಿಹೋಗುತ್ತದೆ. ಎರಡನೆಯ, ಮೂರನೆಯ ಯಂತ್ರದ ಮಾತು ಬರುವುದು ಸಾಲದ ಹಂತದಲ್ಲಿ.

ಹೊಸದು ಬಂದ ಮೇಲೂ ಆ ಹಳೆಯ ಕಪ್ಪು ಯಂತ್ರವನ್ನು ಯಾರೂ ಗುಜರಿಗೆ ಹಾಕುವುದಿಲ್ಲ, ಗಮನಿಸಿದ್ದೀರಾ? ಅದು ತಾಯಿಯದೋ ಅತ್ತೆಯದೋ ಆಗಿರುತ್ತದೆಂಬುದು ನಿಜ. ಆದರೆ ಬೇರೆ ಕಾರಣವೂ ಇದೆ. ಬೇಸಿಗೆಯಲ್ಲಿ ಕರೆಂಟು ಹೋದಾಗ ಮೋಟಾರಿನ ಯಂತ್ರಗಳೆಲ್ಲ ಸುಮ್ಮನಾಗುತ್ತವೆ. ಆಗ ಆಕೆ ಕುರ್ಚಿಯನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು, ಪಟ್ಟಿಯನ್ನು ಚಕ್ರಕ್ಕೆ ಏರಿಸಿ, ತುಳಿಯತೊಡಗುತ್ತಾಳೆ.